ಅಟ್ಲಾಂಟಿಕ್ ಪ್ರವಾಹ ನಿಂತರೆ ನಮ್ಮ ಮುಂಗಾರಿಗೆ ಏನಾಗುತ್ತದೆ?

ಬೈನಾ ಕಡಲು (ವಾಸ್ಕೋ)

ಎಲ್ಲರಿಗೂ ನಮಸ್ಕಾರ. ನಾನು ವಾಸ್ಕೋದಲ್ಲಿ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಬಹಳಷ್ಟು ನಮ್ಮ ಕಡೆಯ ಮಕ್ಕಳೇ. ಬಾಗಲಕೋಟೆ, ಗದಗ, ಕೊಪ್ಪಳದಿಂದ ದುಡಿಯಲು ಬಂದು ಇಲ್ಲೇ ನಿಂತವರ ಮನೆಯ ಮಕ್ಕಳು. ಹೋದ ವಾರ ಹತ್ತನೇ ಕ್ಲಾಸಿನ ಹುಡುಗನೊಬ್ಬ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. 2050ರ ಹೊತ್ತಿಗೆ ಅಟ್ಲಾಂಟಿಕ್ ಸಾಗರದ ದೊಡ್ಡ ಪ್ರವಾಹ ನಿಂತುಹೋಗುತ್ತದಂತೆ, ಆಮೇಲೆ ಹಿಮಯುಗ ಬರುತ್ತದಂತೆ, ಭಾರತದಲ್ಲಿ ಮಳೆ ಪೂರ್ತಿ ಬಂದ್ ಅಂತೆ. "ಹಂಗಾದ್ರ ಓದಿ ಏನ್ ಮಾಡೂದ್ರಿ ಮೇಡಂ?" ಅಂತ ಕೇಳಿದ. ತಮಾಷೆಗೆ ಕೇಳಿದ್ದಲ್ಲ, ಮುಖ ಬಾಡಿತ್ತು.

ನನಗೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ನಾನು ಓದಿದ್ದು ಗಣಿತ. ಟಿಪ್ಪಿಂಗ್ ಪಾಯಿಂಟ್ ಅನ್ನುವ ಮಾತು ಪೇಪರಿನಲ್ಲಿ ಓದಿದ್ದೇನೆ, ಆದರೆ ಅದು ರಾತ್ರೋರಾತ್ರಿ ಆಗುವ ಸಂಗತಿಯೋ, ಅಥವಾ ನಿಧಾನಕ್ಕೆ ಆಗುತ್ತದೋ ಗೊತ್ತಿಲ್ಲ. ಇನ್ನೊಂದು, ಅಟ್ಲಾಂಟಿಕ್ ಎಲ್ಲಿ, ನಮ್ಮ ಮುಂಗಾರು ಎಲ್ಲಿ? ಎರಡಕ್ಕೂ ಏನು ಸಂಬಂಧ? ಹಾವೇರಿ ಹತ್ತಿರ ಅಪ್ಪನ ಹೊಲ ಇದೆ. ಗೋವಿನಜೋಳ ಹಾಕುತ್ತಾರೆ, ಬೋರ್‌ವೆಲ್ ಇಲ್ಲ, ಮಳೆ ಬಂದರಷ್ಟೇ ಬಿತ್ತನೆ. ಹಾಗಾಗಿ ಇದು ಆ ಹುಡುಗನೊಬ್ಬನ ಪ್ರಶ್ನೆಯಲ್ಲ, ನನ್ನದೂ ಹೌದು. ತಿಳಿದವರು ದಯವಿಟ್ಟು ಹೇಳಿ.

---

ಪಾಷಾಣ್ ರಸ್ತೆ (ಪುಣೆ)

ಮೇಡಂ, ಮೊದಲು ಆ ಹುಡುಗನಿಗೆ ಇದನ್ನು ಹೇಳಿ: ಹಿಮಯುಗ ಬರುವುದಿಲ್ಲ. ಹಿಮಯುಗಕ್ಕೆ ಭೂಮಿಯ ಕಕ್ಷೆ ಮತ್ತು ಓರೆ ಎರಡೂ ಹದಕ್ಕೆ ಬರಬೇಕು, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆ ಇರಬೇಕು. ಕಳೆದ ಹಿಮಯುಗ ಜೋರಾಗಿದ್ದಾಗ ಅದು 190 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಎಷ್ಟು ಪಾಲು ಅನ್ನುವ ಲೆಕ್ಕ) ಆಸುಪಾಸು ಇತ್ತು. ಕಾರ್ಖಾನೆಗಳ ಕಾಲ ಶುರುವಾಗುವ ಮುಂಚೆ 280. ಈಗ 420 ದಾಟಿದೆ. ಪ್ರವಾಹ ನಿಂತರೆ ಯುರೋಪಿನ ವಾಯವ್ಯ ಭಾಗ ಚೆನ್ನಾಗಿ ತಣ್ಣಗಾಗಬಹುದು, ಆದರೆ ಅದು ಹಿಮಯುಗ ಅಲ್ಲ.

ಆದರೆ ವಿಡಿಯೋ ಪೂರ್ತಿ ಸುಳ್ಳೂ ಅಲ್ಲ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಜಾರಾಗಬೇಡಿ.

ಅವರು ಹೇಳುವ ಪ್ರವಾಹಕ್ಕೆ ವಿಜ್ಞಾನಿಗಳು ಚುಟುಕಾಗಿ ಅಮೋಕ್ ಅನ್ನುತ್ತಾರೆ. ಉಷ್ಣವಲಯದ ಬಿಸಿಯಾದ, ಉಪ್ಪು ಜಾಸ್ತಿ ಇರುವ ನೀರು ಅಟ್ಲಾಂಟಿಕ್‌ನ ಮೇಲ್ಪದರದಲ್ಲಿ ಉತ್ತರಕ್ಕೆ ಹೋಗುತ್ತದೆ. ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್ ಸುತ್ತಮುತ್ತ ತನ್ನ ಬಿಸಿಯನ್ನು ಗಾಳಿಗೆ ಬಿಟ್ಟು ತಣ್ಣಗಾಗುತ್ತದೆ. ತಣ್ಣಗಾದ ಉಪ್ಪುನೀರು ಭಾರ, ಅದಕ್ಕೇ ಮುಳುಗುತ್ತದೆ. ಮುಳುಗಿದ ನೀರು ಕೆಲವು ಕಿಲೋಮೀಟರ್ ಆಳದಲ್ಲಿ ದಕ್ಷಿಣಕ್ಕೆ ವಾಪಸ್ ಹರಿಯುತ್ತದೆ. 2004ರಿಂದ 26.5 ಡಿಗ್ರಿ ಉತ್ತರ ಅಕ್ಷಾಂಶದ ಉದ್ದಕ್ಕೂ ಸಮುದ್ರದೊಳಗೆ ಉಪಕರಣ ಇಳಿಬಿಟ್ಟು ಇದನ್ನು ಅಳೆಯುತ್ತಿದ್ದಾರೆ. ಸೆಕೆಂಡಿಗೆ ಸರಾಸರಿ ಸುಮಾರು 1.7 ಕೋಟಿ ಘನ ಮೀಟರ್ ನೀರು. ಜಗತ್ತಿನ ಎಲ್ಲ ನದಿ ಒಟ್ಟು ಸೇರಿಸಿದರೂ ಇದರ ಹತ್ತನೇ ಒಂದು ಪಾಲು ಆಗುವುದಿಲ್ಲ.

ಈಗ ಗ್ರೀನ್‌ಲ್ಯಾಂಡ್‌ನ ಮಂಜುಗಡ್ಡೆ ಕರಗಿ ಸಿಹಿನೀರು ಅಲ್ಲಿಗೇ ಬಂದು ಸೇರುತ್ತಿದೆ, ಮಳೆಯೂ ಜಾಸ್ತಿ. ನೀರು ಸಪ್ಪೆಯಾದರೆ ಹಗುರ. ಹಗುರಾದರೆ ಮುಳುಗುವುದು ಕಮ್ಮಿ. ಮುಳುಗುವುದು ಕಮ್ಮಿಯಾದರೆ ದಕ್ಷಿಣದಿಂದ ಉಪ್ಪುನೀರು ಎಳೆದು ತರುವುದೂ ಕಮ್ಮಿ. ಆಗ ನೀರು ಇನ್ನೂ ಸಪ್ಪೆ. ಗಮನಿಸಿ, ಇಲ್ಲಿ ಹಾನಿಯೇ ಹಾನಿಯನ್ನು ಬೆಳೆಸುತ್ತಿದೆ. ಹೆನ್ರಿ ಸ್ಟಾಮೆಲ್ ಅನ್ನುವವರು 1961ರಲ್ಲೇ, ಬರೀ ಎರಡು ತೊಟ್ಟಿ ನೀರಿನ ಸರಳ ಲೆಕ್ಕ ಹಾಕಿ, ಇಂಥ ಪ್ರವಾಹಕ್ಕೆ ಎರಡು ಸ್ಥಿರ ನೆಲೆ (ಒಂದು ಜೋರಾಗಿ ಹರಿಯುವುದು, ಇನ್ನೊಂದು ಸೊರಗಿರುವುದು) ಇರಬಹುದು ಅಂತ ತೋರಿಸಿದ್ದರು. ನೀವು ಗಣಿತದವರು, ಆ ಲೆಕ್ಕ ನಿಮಗೆ ಖಂಡಿತ ಹಿಡಿಸುತ್ತದೆ.

ನಿಮ್ಮ ಊರಿನ ಮೀನುಗಾರರ ದೋಣಿ ನೋಡಿರುತ್ತೀರಲ್ಲ. ಅಲೆಗೆ ವಾಲುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಒಂದು ಮಟ್ಟ ದಾಟಿ ವಾಲಿತೋ, ಮಗುಚಿ ಬೀಳುತ್ತದೆ. ಮಗುಚಿದ ದೋಣಿಯೂ ತನ್ನ ಮಟ್ಟಿಗೆ ಸ್ಥಿರವೇ. ಅಲೆ ಇಳಿಯಿತು ಅಂತ ಅದು ತಾನಾಗಿ ಎದ್ದು ನಿಲ್ಲುವುದಿಲ್ಲ. ಟಿಪ್ಪಿಂಗ್ ಪಾಯಿಂಟ್ ಅಂದರೆ ಆ ಮಟ್ಟ. ಇನ್ನೊಂದು ವಿಷಯ ಇದೆ: ತುಂಬಾ ಭಾರ ಹೇರಿದ ದೋಣಿ ವಾಲಿದ ಮೇಲೆ ನೆಟ್ಟಗಾಗಲು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ. ಹವಾಮಾನದ ದಾಖಲೆಗಳಲ್ಲೂ ಸಂಶೋಧಕರು ಇದನ್ನೇ ಹುಡುಕುತ್ತಾರೆ. ಏರುಪೇರು ಆದ ಮೇಲೆ ವಾಪಸ್ ಬರುವುದು ನಿಧಾನವಾಗುತ್ತಿದೆಯಾ ಅಂತ.

2050 ಎಲ್ಲಿಂದ ಬಂತು? ಡೆನ್ಮಾರ್ಕ್‌ನ ಇಬ್ಬರು ಸಂಶೋಧಕರು 2023ರಲ್ಲಿ ಇದೇ ಥರ ಲೆಕ್ಕ ಹಾಕಿ, ಕುಸಿತ 2025ರಿಂದ 2095ರ ಒಳಗೆ ಶುರುವಾಗಬಹುದು, ಶತಮಾನದ ನಡುವಿನಲ್ಲಿ ಆಗುವ ಸಾಧ್ಯತೆ ಜಾಸ್ತಿ ಅಂದರು. ಅವರು ಪ್ರವಾಹವನ್ನು ನೇರವಾಗಿ ಅಳೆದದ್ದಲ್ಲ. ಗ್ರೀನ್‌ಲ್ಯಾಂಡ್ ದಕ್ಷಿಣದ ಸಮುದ್ರದ ಮೇಲ್ಮೈ ಉಷ್ಣತೆಯ ಹಳೇ ದಾಖಲೆಯಿಂದ ಅಂದಾಜು ಮಾಡಿದ್ದು. ಈ ಕಡೆ ಐಪಿಸಿಸಿ (ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ) 2021ರ ವರದಿಯಲ್ಲಿ, ಈ ಶತಮಾನದಲ್ಲಿ ಪ್ರವಾಹ ದುರ್ಬಲ ಆಗುವ ಸಾಧ್ಯತೆ ತುಂಬಾ ಜಾಸ್ತಿ, ಆದರೆ 2100ರ ಒಳಗೆ ದಿಢೀರ್ ಕುಸಿಯಲಿಕ್ಕಿಲ್ಲ ಅಂತಿದೆ. ಅದನ್ನೂ "ಮಧ್ಯಮ ವಿಶ್ವಾಸ"ದಿಂದ ಮಾತ್ರ ಹೇಳಿದ್ದಾರೆ. ನೇರ ಅಳತೆ ಇರುವುದೇ ಇಪ್ಪತ್ತು ವರ್ಷ ಚಿಲ್ಲರೆ. ಅದನ್ನು ಇಟ್ಟುಕೊಂಡು ಇಸವಿ ಹೇಳುವುದು ತಪ್ಪು ಅಂತ ನನ್ನ ಅಭಿಪ್ರಾಯ. ಹಾಗೇ, ಆಗಲಿಕ್ಕಿಲ್ಲ ಅನ್ನುವುದು ಅಷ್ಟು ಸಡಿಲ ಮಾತಾಗಿರುವಾಗ ನಿಶ್ಚಿಂತೆಯಾಗಿ ಕೂರುವುದೂ ತಪ್ಪು. ಕುಸಿತ ಶುರುವಾದರೂ ಪ್ರವಾಹ ಪೂರ್ತಿ ಸೊರಗಲು ಹಲವು ದಶಕ ಬೇಕು. ರಾತ್ರೋರಾತ್ರಿ ಅಲ್ಲ.

ಇನ್ನು ಮುಂಗಾರು. ಉತ್ತರ ಅಟ್ಲಾಂಟಿಕ್ ತಣ್ಣಗಾದರೆ ಇಡೀ ಉತ್ತರಾರ್ಧಗೋಳಕ್ಕೆ ಸಿಗುವ ಬಿಸಿ ಕಡಿಮೆ. ಭೂಮಧ್ಯರೇಖೆಯ ಹತ್ತಿರದ ಮಳೆಪಟ್ಟಿ ಯಾವಾಗಲೂ ಹೆಚ್ಚು ಬಿಸಿ ಇರುವ ಅರ್ಧಗೋಳದ ಕಡೆ ವಾಲುತ್ತದೆ. ಹಾಗಾಗಿ ಅದು ದಕ್ಷಿಣಕ್ಕೆ ಸರಿಯುತ್ತದೆ. ನಮ್ಮ ಮುಂಗಾರು ಆ ಪಟ್ಟಿ ಬೇಸಿಗೆಯಲ್ಲಿ ಉತ್ತರಕ್ಕೆ ಏರಿ ಬರುವುದರ ಜೊತೆಗೇ ಇರುವ ಸಂಗತಿ. ಅದು ದಕ್ಷಿಣಕ್ಕೆ ಜಗ್ಗಿದರೆ ಮುಂಗಾರು ಸೊರಗುತ್ತದೆ. ಸೊರಗುತ್ತದೆ ಅಂದೆ, ಬಂದ್ ಆಗುತ್ತದೆ ಅನ್ನಲಿಲ್ಲ. ಬೇಸಿಗೆಯಲ್ಲಿ ನೆಲ ಸಮುದ್ರಕ್ಕಿಂತ ಜಾಸ್ತಿ ಕಾಯುವುದು, ಹಿಮಾಲಯ ಅಲ್ಲೇ ನಿಂತಿರುವುದು, ಇವು ಎಲ್ಲಿಗೂ ಹೋಗುವುದಿಲ್ಲ.

---

ಡೊಂಬಿವಲಿ ಪೂರ್ವ (ಮುಂಬೈ)

ಸರ್, ಚೆನ್ನಾಗಿ ಬರೆದಿದ್ದೀರಿ. ಆದರೆ ನನಗೆ ಎರಡು ಅನುಮಾನ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಅವತ್ತು ನಾನು ಕುರ್ಲಾದಿಂದ ಹಳಿ ಮೇಲೆ ಎದೆಮಟ್ಟದ ನೀರಿನಲ್ಲಿ ನಡೆದವರಲ್ಲಿ ಒಬ್ಬ. ಅದೂ ಟಿಪ್ಪಿಂಗ್ ಪಾಯಿಂಟೇ ಅಲ್ವಾ? ಈಗ ದೊಡ್ಡ ಮಳೆ ಬಂದರೂ ಪೇಪರಿನವರು ಅದನ್ನೇ ಬರೆಯುತ್ತಾರೆ.

ಎರಡನೆಯದು. ಹವಾಮಾನ ಯುಗಯುಗದಿಂದ ಬದಲಾಗುತ್ತಲೇ ಬಂದಿದೆ. ಆಗ ಕಾರು, ಕಾರ್ಖಾನೆ ಏನೂ ಇರಲಿಲ್ಲ. ಹಾಗಿದ್ದಮೇಲೆ ಈಗಿನದಕ್ಕೆ ಮಾತ್ರ ಇಷ್ಟು ಗಾಬರಿ ಯಾಕೆ? ಜಗಳಕ್ಕೆ ಕೇಳುತ್ತಿಲ್ಲ. ನಮ್ಮ ಸೊಸೈಟಿಯಲ್ಲಿ ಎಲ್ಲರೂ ಇದನ್ನೇ ಹೇಳುತ್ತಾರೆ, ನನ್ನ ಹತ್ತಿರ ಉತ್ತರ ಇರುವುದಿಲ್ಲ.

---

ದೋನಾಪಾವ್ಲಾ ದಡ (ಗೋವಾ)

ಅಣ್ಣಾ, ನಿಮ್ಮ ಎರಡನೇ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ಯಾಕೆಂದರೆ ಅದೇ ನನ್ನ ದಿನದ ಕೆಲಸ. ಇಲ್ಲಿನ ಒಂದು ಲ್ಯಾಬಿನಲ್ಲಿ ಪ್ರಾಜೆಕ್ಟ್ ಮೇಲೆ ಇದ್ದೇನೆ, ಊರು ಕುಮಟಾ.

ಹಡಗಿನಿಂದ ಉದ್ದನೆಯ ಕೊಳವೆಯನ್ನು ಸಮುದ್ರದ ತಳಕ್ಕೆ ಇಳಿಸಿ, ಕೆಸರನ್ನು ಹಾಗೇ ಕಂಬದಂತೆ ಎತ್ತಿ ತರುತ್ತಾರೆ. ಕೋರ್ ಅನ್ನುತ್ತೇವೆ. ಆಳ ಸಮುದ್ರದಲ್ಲಿ ಸಾವಿರ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಕೆಸರು ಕೂಡುತ್ತದೆ. ಅದನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಕತ್ತರಿಸಿ, 63 ಮೈಕ್ರಾನ್ ಜರಡಿಯಲ್ಲಿ ತೊಳೆಯುತ್ತೇವೆ. ಕೆಸರೆಲ್ಲ ಹೋಗಿ ಒಂದು ಚಿಟಿಕೆ ಬಿಳಿ ಮರಳು ಉಳಿಯುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅದು ಮರಳಲ್ಲ, ಚಿಪ್ಪು. ಫೊರಾಮ್ ಅನ್ನುವ ಒಂದೇ ಜೀವಕೋಶದ ಜೀವಿಗಳ ಸುಣ್ಣದ ಚಿಪ್ಪು. ತೆಳ್ಳನೆಯ ಬ್ರಷ್ ತುದಿಯನ್ನು ಒದ್ದೆ ಮಾಡಿ ಒಂದೊಂದೇ ಚಿಪ್ಪು ಎತ್ತಿ, ಚೌಕ ಹಾಕಿದ ಕಪ್ಪು ಸ್ಲೈಡಿನ ಮೇಲೆ ಜಾತಿವಾರು ಇಡಬೇಕು. ಉಸಿರು ಜೋರಾಗಿ ಬಿಟ್ಟರೆ ಹಾರಿಹೋಗುತ್ತವೆ. ಫ್ಯಾನ್ ಹಾಕುವ ಹಾಗಿಲ್ಲ.

ಇದರಲ್ಲಿ ಗ್ಲೋಬಿಜೆರಿನಾ ಬುಲ್ಲಾಯ್ಡಿಸ್ ಅಂತ ಒಂದು ಜಾತಿ. ಅದಕ್ಕೆ ಆಹಾರ ತುಂಬಿದ ತಣ್ಣನೆಯ ನೀರು ಇಷ್ಟ. ಮುಂಗಾರಿನ ಗಾಳಿ ಜೋರಾದಾಗ ಒಮಾನ್, ಸೊಮಾಲಿಯಾ ತೀರದಲ್ಲಿ ತಳದ ನೀರು ಮೇಲೆದ್ದು ಬರುತ್ತದೆ, ಆಗ ಈ ಜಾತಿ ಹುಲುಸಾಗಿ ಬೆಳೆಯುತ್ತದೆ. ಗಾಳಿ ಸೊರಗಿದಾಗ ಕಡಿಮೆಯಾಗುತ್ತದೆ. ಅಂದರೆ ಅಲ್ಲಿನ ಯಾವ ಪದರದಲ್ಲಿ ಇದು ಎಷ್ಟಿದೆ ಅಂತ ಎಣಿಸಿದರೆ, ಮನುಷ್ಯರು ಮಳೆ ಅಳೆಯುವುದನ್ನು ಕಲಿಯುವ ಎಷ್ಟೋ ಸಾವಿರ ವರ್ಷ ಮುಂಚೆ ಮುಂಗಾರು ಹೇಗಿತ್ತು ಅಂತ ಗೊತ್ತಾಗುತ್ತದೆ.

ಬೈನಾ ಅಕ್ಕಾ, ಅಟ್ಲಾಂಟಿಕ್‌ಗೂ ಮುಂಗಾರಿಗೂ ಏನು ಸಂಬಂಧ ಅಂದಿರಲ್ಲ, ಉತ್ತರ ನಮ್ಮ ಅರಬ್ಬಿ ಸಮುದ್ರದ ಕೆಸರಿನಲ್ಲೇ ಇದೆ. ಸುಮಾರು 12,900 ವರ್ಷದ ಹಿಂದೆ ಭೂಮಿ ಹಿಮಯುಗದಿಂದ ಹೊರಗೆ ಬರುತ್ತಿದ್ದಾಗ ಉತ್ತರ ಅಟ್ಲಾಂಟಿಕ್ ಮತ್ತೆ ತಣ್ಣಗಾಯಿತು. ಅಮೋಕ್ ಸೊರಗಿದ್ದೇ ಕಾರಣ ಅಂತ ಹೆಚ್ಚಿನವರ ಅಭಿಪ್ರಾಯ. ಆ ತಂಪು 1,200 ವರ್ಷ ಉಳಿಯಿತು. ಅದೇ ಕಾಲದ ಅರಬ್ಬಿ ಸಮುದ್ರದ ಪದರ ನೋಡಿದರೆ ಮುಂಗಾರು ಸೊರಗಿದೆ. ಒಂದು ಸಲ ಅಲ್ಲ, ಹಿಮಯುಗದ ಉದ್ದಕ್ಕೂ ಇದು ಮತ್ತೆ ಮತ್ತೆ ಆಗಿದೆ. ಪಾಕಿಸ್ತಾನದ ತೀರದಾಚೆ ತೆಗೆದ ಕೋರ್‌ನಲ್ಲಿ ಇದು ಬರಿಗಣ್ಣಿಗೇ ಕಾಣುತ್ತದೆ. ಗ್ರೀನ್‌ಲ್ಯಾಂಡ್ ಬೆಚ್ಚಗಿದ್ದ ಕಾಲದಲ್ಲಿ ಕೆಸರು ಕಪ್ಪು, ನೂಲೆಳೆಯಂಥ ಗೆರೆ ಗೆರೆ. ಗ್ರೀನ್‌ಲ್ಯಾಂಡ್ ತಣ್ಣಗಿದ್ದ ಕಾಲದಲ್ಲಿ ಕೆಸರಿನ ಬಣ್ಣ ತೆಳು, ಗೆರೆಗಳಿಲ್ಲ, ಹುಳ ಕೊರೆದ ಗುರುತು. ಮುಂಗಾರು ಜೋರಿದ್ದಾಗ ಮೇಲೆ ಪಾಚಿ ಜಾಸ್ತಿ ಬೆಳೆದು, ಸತ್ತು, ಕೆಳಗೆ ಕೊಳೆತು ಆಮ್ಲಜನಕ ಮುಗಿಯುತ್ತದೆ. ಆಮ್ಲಜನಕ ಇಲ್ಲದ ಕೆಸರಿನಲ್ಲಿ ಹುಳ ಬದುಕುವುದಿಲ್ಲ, ಗೆರೆ ಹಾಗೇ ಉಳಿಯುತ್ತದೆ. ಆ ಚಿತ್ರವನ್ನು ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ ಅಂದಿತ್ತು.

ಈಗ ಡೊಂಬಿವಲಿ ಅಣ್ಣನ ಮಾತು. ಹೌದು, ಹವಾಮಾನ ಮೊದಲೂ ಬದಲಾಗಿದೆ. ಆದರೆ ಹೇಗೆ ಬದಲಾಯಿತು ನೋಡಿ. 11,700 ವರ್ಷದ ಹಿಂದೆ ಆ ತಂಪು ಮುಗಿದಾಗ ಗ್ರೀನ್‌ಲ್ಯಾಂಡ್ ಕೆಲವೇ ದಶಕಗಳಲ್ಲಿ ಸುಮಾರು 10 ಡಿಗ್ರಿ ಬಿಸಿಯಾಯಿತು. ಒಬ್ಬ ಮನುಷ್ಯನ ಆಯಸ್ಸಿನೊಳಗೆ! ಹಿಂದೆ ಆಗಿದೆ ಅನ್ನುವುದು ಧೈರ್ಯ ತರುವ ಮಾತಲ್ಲ, ಈ ವ್ಯವಸ್ಥೆ ಜಿಗಿಯಬಲ್ಲದು ಅನ್ನುವುದಕ್ಕೆ ಅದೇ ಸಾಕ್ಷಿ. ನಾವು ಅದನ್ನು ಈಗ ಒಂದೇ ಕಡೆಗೆ ತಳ್ಳುತ್ತಿದ್ದೇವೆ. ಆಗ ಹೊಲ ಇರಲಿಲ್ಲ, ಊರು ಇರಲಿಲ್ಲ, ಜನ ಎದ್ದು ಬೇರೆ ಕಡೆ ಹೋದರು. ಈಗ ಹಾವೇರಿಯ ಹೊಲ ಎದ್ದು ಎಲ್ಲಿಗೆ ಹೋಗುತ್ತದೆ?

---

ಪಾಷಾಣ್ ರಸ್ತೆ (ಪುಣೆ)

ಕುಮಟಾದ ತಂಗಿ ಬರೆದದ್ದನ್ನು ಎರಡು ಸಲ ಓದಿದೆ. ನಾವು ಕಂಪ್ಯೂಟರಿನ ಮಾಡೆಲ್‌ಗಳಲ್ಲಿ ಅಮೋಕ್ ನಿಲ್ಲಿಸಿ ನೋಡಿದಾಗಲೂ ಮುಂಗಾರು ಸೊರಗುತ್ತದೆ. ಕೆಸರು ಹೇಳುವುದೂ ಅದನ್ನೇ.

ಆದರೆ ಒಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ಬೈನಾ ಮೇಡಂ ಅಪ್ಪನಿಗೆ ಇನ್ನು ಬರಗಾಲವೇ ಅಂತ ಹೇಳಿಬಿಡುತ್ತಾರೆ. ಭೂಮಿ ಬಿಸಿಯಾದಂತೆ ಗಾಳಿ ಜಾಸ್ತಿ ತೇವ ಹಿಡಿಯುತ್ತದೆ, ಒಂದು ಡಿಗ್ರಿಗೆ ಸುಮಾರು 7 ಶೇಕಡಾ. ಹಾಗಾಗಿ ಈ ಶತಮಾನದಲ್ಲಿ ಮುಂಗಾರಿನ ಒಟ್ಟು ಮಳೆ ಜಾಸ್ತಿಯಾಗುತ್ತದೆ ಅಂತಲೇ ಹೆಚ್ಚಿನ ಮಾಡೆಲ್‌ಗಳು ಹೇಳುತ್ತವೆ. ಅದು ಒಂದೇ ಸಲ ಸುರಿಯುವುದು, ನಡುವೆ ಉದ್ದದ ಬಿಡುವು, ಹೀಗೆ ಬರುತ್ತದೆ ಅನ್ನುವುದೇ ತೊಂದರೆ. ಬಿತ್ತಿದ ಮೇಲೆ ಮೂರು ವಾರ ಮಳೆ ಬಾರದಿದ್ದರೆ ವರ್ಷದ ಸರಾಸರಿ ಕಟ್ಟಿಕೊಂಡು ರೈತ ಏನು ಮಾಡಬೇಕು? ಅಮೋಕ್ ಸೊರಗುವುದು ಇದಕ್ಕೆ ಉಲ್ಟಾ ಕಡೆಗೆ ಎಳೆಯುತ್ತದೆ. ಒಂದು ಇನ್ನೊಂದನ್ನು ಸರಿಮಾಡಿಬಿಡುತ್ತದೆ ಅಂತ ಮಾತ್ರ ತಿಳಿಯಬೇಡಿ.

2005ರ ಮಳೆ ಟಿಪ್ಪಿಂಗ್ ಪಾಯಿಂಟ್ ಅಲ್ಲ. ಭಯಾನಕ ಮಳೆ, ನೂರಾರು ಜನ ಸತ್ತರು. ಆದರೆ ನೀರು ಇಳಿಯಿತು, ಮುಂದಿನ ವರ್ಷ ಮುಂಗಾರು ಅದರ ಪಾಡಿಗೆ ಬಂತು. ಎರಡನ್ನೂ ಬೆರೆಸಿದರೆ ಎರಡೂ ಅರ್ಥವಾಗುವುದಿಲ್ಲ.

ಮುಂಬೈಗೆ ನಿಜವಾಗಿ ಸಂಬಂಧಪಟ್ಟ ಟಿಪ್ಪಿಂಗ್ ಪಾಯಿಂಟ್ ಅಂಟಾರ್ಕ್ಟಿಕಾದಲ್ಲಿದೆ. ಪಶ್ಚಿಮ ಅಂಟಾರ್ಕ್ಟಿಕಾದ ಬಹುಪಾಲು ಮಂಜುಗಡ್ಡೆ ಕೂತಿರುವ ನೆಲವೇ ಸಮುದ್ರಮಟ್ಟಕ್ಕಿಂತ ಕೆಳಗಿದೆ, ಒಳಗೆ ಹೋದಂತೆ ಇನ್ನೂ ಇಳಿಜಾರು. ಬಿಸಿನೀರು ಅಡಿಯಿಂದ ಕೊರೆದು ಅಂಚು ಹಿಂದೆ ಸರಿದರೆ, ಅದು ಇನ್ನೂ ದಪ್ಪ ಮಂಜಿನ ಕಡೆಗೇ ಸರಿಯುತ್ತದೆ. ದಪ್ಪ ಜಾಸ್ತಿಯಾದಷ್ಟೂ ಸಮುದ್ರಕ್ಕೆ ಹರಿದು ಬೀಳುವುದು ಜಾಸ್ತಿ. ಥ್ವೇಟ್ಸ್ ಅನ್ನುವ ಒಂದೇ ಹಿಮನದಿ ಪೂರ್ತಿ ಕರಗಿದರೆ ಜಗತ್ತಿನ ಸಮುದ್ರ 65 ಸೆಂಟಿಮೀಟರ್ ಆಸುಪಾಸು ಏರುತ್ತದೆ. ಗ್ರೀನ್‌ಲ್ಯಾಂಡ್ ಪೂರ್ತಿ ಹೋದರೆ 7 ಮೀಟರ್. ಪಶ್ಚಿಮ ಅಂಟಾರ್ಕ್ಟಿಕಾ, ಗ್ರೀನ್‌ಲ್ಯಾಂಡ್ ಎರಡರ ಮಿತಿಯೂ ಭೂಮಿ ಕಾರ್ಖಾನೆಗಳ ಕಾಲಕ್ಕೆ ಮುಂಚಿಗಿಂತ 1.5 ಡಿಗ್ರಿ ಆಸುಪಾಸು ಬಿಸಿಯಾಗುವುದು ಇರಬಹುದು ಅಂತ 2022ರ ಒಂದು ದೊಡ್ಡ ವಿಮರ್ಶೆಯ ಅಂದಾಜು. 2024 ಒಂದೇ ವರ್ಷದ ಸರಾಸರಿ 1.55 ಇತ್ತು. ಒಂದು ವರ್ಷ ದಾಟಿದರೆ ಮಿತಿ ದಾಟಿದಂತಲ್ಲ, ಆದರೆ ದೂರವೂ ಇಲ್ಲ. ಕರಗಲು ನೂರಾರು, ಸಾವಿರಾರು ವರ್ಷ ಬೇಕು. ಕರಗುತ್ತಲೇ ಇರಬೇಕೋ ಬೇಡವೋ ಅನ್ನುವುದು ಮಾತ್ರ ನಮ್ಮ ಮಕ್ಕಳ ಕಾಲದೊಳಗೆ ತೀರ್ಮಾನ ಆಗಿಬಿಡಬಹುದು. ನನಗೆ ಎಲ್ಲಕ್ಕಿಂತ ಸಂಕಟ ಕೊಡುವುದು ಇದೇ.

ಮುಂಬೈಯಲ್ಲಿ ಭರತದ (ಸಮುದ್ರ ಉಬ್ಬರದ) ಹೊತ್ತಿಗೆ ಮಳೆನೀರಿನ ನಾಲೆಗಳು ಸಮುದ್ರಕ್ಕೆ ಖಾಲಿಯಾಗುವುದಿಲ್ಲ ಅಂತ ನಿಮಗೆ ಗೊತ್ತು. 2005ರಲ್ಲೂ ಮಳೆ ಮತ್ತು ಭರತ ಒಟ್ಟಿಗೇ ಬಂದವು. ಸಮುದ್ರ ಏರಿದಷ್ಟೂ ನಾಲೆ ಬಾಯಿ ಮುಚ್ಚಿಕೊಂಡಿರುವ ಹೊತ್ತು ಜಾಸ್ತಿ. ಪಂಪ್ ಹಾಕಿ ಎಷ್ಟು ಅಂತ ಎತ್ತುತ್ತೀರಿ?

---

ಬೈನಾ ಕಡಲು (ವಾಸ್ಕೋ)

ಎಲ್ಲರಿಗೂ ಧನ್ಯವಾದ. ನಿನ್ನೆ ಅಪ್ಪನಿಗೂ ಫೋನಿನಲ್ಲಿ ಓದಿ ಹೇಳಿದೆ. ಮಳೆ ಬಿಡುವು ಕೊಡುವ ವಿಷಯ ಅವರು ತಾವೇ ಮುಂದುವರಿಸಿದರು, ಈಗಲೇ ಹಾಗೆ ಆಗುತ್ತಿದೆಯಂತೆ.

ಇನ್ನೊಂದು ಕೇಳಬೇಕು. 1.5 ದಾಟಿದರೂ ಆಮೇಲೆ ಕೆಳಗೆ ಇಳಿಸಬಹುದು ಅನ್ನುತ್ತಾರಲ್ಲ, ಮಗುಚಿದ ದೋಣಿ ಏಳುವುದಿಲ್ಲ ಅಂದಮೇಲೆ ಇಳಿಸಿ ಪ್ರಯೋಜನ ಏನು? ಮತ್ತೆ, ಮಕ್ಕಳಿಗೆ ಇದನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸಲು ಏನಾದರೂ ಇದೆಯಾ?

---

ಪಾಷಾಣ್ ರಸ್ತೆ (ಪುಣೆ)

ಯಾವುದು ಎಷ್ಟು ಬೇಗ ಮಗುಚುತ್ತದೆ ಅನ್ನುವುದರ ಮೇಲೆ ಹೋಗುತ್ತದೆ, ಮೇಡಂ. ಮಂಜುಗಡ್ಡೆ ನಿಧಾನ. ಮಿತಿ ದಾಟಿದರೂ ಸ್ವಲ್ಪ ಕಾಲದಲ್ಲೇ ಉಷ್ಣತೆ ಇಳಿಸಿದರೆ ಅದು ಪೂರ್ತಿ ಬೀಳುವ ಮುಂಚೆ ಹಿಡಿಯಬಹುದು. ಎಷ್ಟು ಕಮ್ಮಿ ದಾಟುತ್ತೇವೆ, ಎಷ್ಟು ಬೇಗ ಇಳಿಯುತ್ತೇವೆ, ಎರಡೂ ಮುಖ್ಯ. ಹವಳಕ್ಕೆ ಆ ಸಮಯ ಇಲ್ಲ. ನೀರು ಕೆಲವು ವಾರ ಒಂದು ಡಿಗ್ರಿ ಜಾಸ್ತಿ ಬಿಸಿಯಾದರೆ ಸಾಕು, ಬಣ್ಣ ಬಿಟ್ಟು ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. 2023ರಿಂದ ಜಗತ್ತಿನ ಉದ್ದಕ್ಕೂ ಮತ್ತೆ ಆಯಿತು. 1.5 ಡಿಗ್ರಿಯಲ್ಲಿ ಉಷ್ಣವಲಯದ ಹವಳದಲ್ಲಿ 70ರಿಂದ 90 ಶೇಕಡಾ ನಾಶ, 2 ಡಿಗ್ರಿಯಲ್ಲಿ 99 ಶೇಕಡಾಕ್ಕೂ ಜಾಸ್ತಿ ಅಂತ ಐಪಿಸಿಸಿ 2018ರಲ್ಲೇ ಹೇಳಿದೆ. ಅರ್ಧ ಡಿಗ್ರಿಯ ಬೆಲೆ ಎಷ್ಟು ಅಂತ ಆ ಹುಡುಗನಿಗೆ ಈ ಎರಡು ಅಂಕಿ ತೋರಿಸಿ. ಓದಿ ಏನು ಮಾಡುವುದು ಅಂದನಲ್ಲ, ಆ ಅರ್ಧ ಡಿಗ್ರಿ ಉಳಿಸುವ ಕೆಲಸ ಅವನ ವಯಸ್ಸಿನವರ ಮುಂದೆ ಬೆಟ್ಟದಷ್ಟು ಬಿದ್ದಿದೆ.

---

ದೋನಾಪಾವ್ಲಾ ದಡ (ಗೋವಾ)

ಅಕ್ಕಾ, ಮಕ್ಕಳಿಗೆ ಒಂದು ಪ್ರಯೋಗ ಇದೆ, ಖರ್ಚಿಲ್ಲ. ನೀರಿಗೆ ಶಾಯಿ ಅಥವಾ ಅಡುಗೆ ಬಣ್ಣ ಹಾಕಿ ಫ್ರಿಜ್‌ನಲ್ಲಿ ಐಸ್ ಕಟ್ಟಿಸಿ. ಎರಡು ದೊಡ್ಡ ಗಾಜಿನ ಲೋಟ ತೆಗೆದುಕೊಳ್ಳಿ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಅದೇ ನೀರಿಗೆ ನಾಲ್ಕೈದು ಚಮಚ ಉಪ್ಪು ಚೆನ್ನಾಗಿ ಕರಗಿಸಿ. ಎರಡೂ ಅಲುಗಾಡದೆ ನಿಂತ ಮೇಲೆ ಒಂದೊಂದು ಐಸ್ ತುಂಡು ಮೆಲ್ಲಗೆ ಬಿಡಿ. ಸಿಹಿನೀರಿನಲ್ಲಿ ಬಣ್ಣ ಎಳೆ ಎಳೆಯಾಗಿ ತಳಕ್ಕೆ ಇಳಿಯುತ್ತದೆ. ಉಪ್ಪುನೀರಿನಲ್ಲಿ ಇಳಿಯುವುದೇ ಇಲ್ಲ, ಮೇಲೆ ಪದರ ಕಟ್ಟಿ ನಿಲ್ಲುತ್ತದೆ. ಗ್ರೀನ್‌ಲ್ಯಾಂಡ್‌ನ ನೀರು ಸಮುದ್ರದ ಮೇಲೆ ಮಾಡುತ್ತಿರುವುದು ಅದನ್ನೇ.

ನಿಮ್ಮ ವಾಸ್ಕೋದಲ್ಲೇ ಹೆಡ್‌ಲ್ಯಾಂಡ್ ಸಡಾದಲ್ಲಿ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇದೆ. ಅಂಟಾರ್ಕ್ಟಿಕಾದ ಮೈತ್ರಿ, ಭಾರತಿ ನೆಲೆಗಳನ್ನು ನೋಡಿಕೊಳ್ಳುವುದು ಅವರೇ. ಮಕ್ಕಳನ್ನು ಕರೆದುಕೊಂಡು ಬರಬಹುದಾ ಅಂತ ಮೊದಲೇ ಒಂದು ಪತ್ರ ಬರೆದು ಕೇಳಿ. ಮತ್ತೆ ಆ ಪ್ರಯೋಗದಲ್ಲಿ ಒಂದು ವಿಷಯ ನೀವು ಮುಂಚೆ ಹೇಳಬೇಡಿ. ಎರಡು ಲೋಟದಲ್ಲಿ ಐಸ್ ಒಂದೇ ವೇಗದಲ್ಲಿ ಕರಗುವುದಿಲ್ಲ. ಯಾವುದರಲ್ಲಿ ಮೊದಲು ಕರಗುತ್ತದೆ, ಯಾಕೆ ಅಂತ ಆ ಹುಡುಗನನ್ನೇ ಕೇಳಿ.